ಕೃಷ್ಣವಿವರದ ಸೊಸೆ

‘ವಿವರ’ ಎಂಬ ಪದಕ್ಕೆ ಎರಡು ಅರ್ಥ: ಒಂದು ವರ್ಣನೆ, ಇನ್ನೊಂದು ಬಿಲ. ನಿಘಂಟಿನಲ್ಲಿ ಇವೆರಡೂ ಜಗಳವಿಲ್ಲದೆ ಅಕ್ಕಪಕ್ಕ ಕುಳಿತಿರುತ್ತವೆ. ಕೊಳಕೂರಿನ ನಮ್ಮ ಪಡಸಾಲೆಯಲ್ಲಿ ಮಾತ್ರ ಅವು ಸೇರಿಕೊಂಡು ನನ್ನ ಮದುವೆಯನ್ನೇ ಮುರಿಯಲು ಹೊರಟಿದ್ದವು ನೋಡಿ.

ಆಗ ನಾನು ಜೇವರ್ಗಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತ, ಉಳಿದ ವೇಳೆಯಲ್ಲಿ ಪಿಎಚ್.ಡಿ.ಗಾಗಿ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳೊಡನೆ ಗುದ್ದಾಡುತ್ತಿದ್ದೆ. ನನ್ನನ್ನು ನೋಡಲು ಆಳಂದದಿಂದ ಪಶುವೈದ್ಯ ಪ್ರಾಣೇಶ ಮತ್ತು ಅವರ ತಾಯಿ ಬಂದರು. ಗಂಡು ಚೆಲುವನಾಗಿದ್ದ ಎಂದು ಬರೆದರೆ ಅವರು ಈಗ ಓದಿ ವಿನಾಕಾರಣ ಹಿಗ್ಗುವ ಅಪಾಯವಿರುವುದರಿಂದ, ನಗು ಪರವಾಗಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

“ಏನ್ ಓದಾಕತ್ತೀಯವಾ?” ತಾಯಿ ಕೇಳಿದರು.

“ಕೃಷ್ಣವಿವರದ ಗಣಿತ ರೀ.”

“ಕೃಷ್ಣನ ವಿವರ!” ಅವರ ಮುಖ ತುಳಸಿಕಟ್ಟೆಯ ದೀಪದಂತೆ ಬೆಳಗಿತು. “ಗೋಕುಳಾಷ್ಟಮಿಗೆ ನಮ್ಮನ್ಯಾಗ ನೀನ ಪುರಾಣ ಹೇಳಬೇಕು ನೋಡು.”

ಅಪ್ಪ ಕಣ್ಣಿನಲ್ಲೇ ‘ಸುಮ್ಮನಿರು’ ಎಂದರು. ಸುಮ್ಮನಿದ್ದರೆ ಸಂಬಂಧ ಅಲ್ಲಿಗೇ ಕುದುರುತ್ತಿತ್ತು. ಆದರೆ ಮುಂದೆ ಆ ಮನೆಯಲ್ಲಿ ನನ್ನ ಓದನ್ನೆಲ್ಲ ಕದ್ದ ಮಾಲಿನಂತೆ ಬಚ್ಚಿಡಬೇಕಾದೀತೆಂದು ಭಯವಾಯಿತು.

“ಆ ಕೃಷ್ಣ ಅಲ್ರಿ,” ಎಂದೆ. “ಕೃಷ್ಣ ಅಂದ್ರ ಕಪ್ಪು, ವಿವರ ಅಂದ್ರ ಕುಳಿ. ದೊಡ್ಡ ನಕ್ಷತ್ರ ತನ್ನ ಭಾರಕ್ಕ ತಾನ ಕುಸಿದು ಆಗೂದು. ಅದರಾಗ ಬಿದ್ದದ್ದು, ಬೆಳಕು ಸೈತ, ಹೊರಗ ಬರೂದಿಲ್ಲ.”

ದೀಪ ಆರಿತು. “ಶುಭ ಕೆಲಸದಾಗ ಕುಳಿ ಮಾತ್ಯಾಕವಾ,” ಎನ್ನುತ್ತ ಅವರು ಮಂಡಕ್ಕಿ ಸುಸಲಾದ ತಟ್ಟೆಯನ್ನು ಅರ್ಧಕ್ಕೇ ಕೆಳಗಿಟ್ಟರು. “ತಿಳಿಸ್ತೇವ್ರಿ,” ಎಂದು ಹೊರಟವರಿಂದ ಸುದ್ದಿಯಿಲ್ಲ. ನಮ್ಮವ್ವ ನನ್ನ ಪಾಲಿನ ಮಾತನ್ನೆಲ್ಲ ಪಾತ್ರೆಗಳೊಡನೆ ಆಡತೊಡಗಿದಳು.

ಹೀಗಿರಲು ಒಂದು ಮಧ್ಯಾಹ್ನ, ಅಫಜಲಪುರದ ಬಸ್ಸಿಗೆ ಕಾಯುತ್ತಿದ್ದಾಗ ಫೋನ್ ಬಂತು.

“ನಾನ್ರಿ, ಆಳಂದದ ಪ್ರಾಣೇಶ. ನಿಮ್ಮ ಕುಳಿ ಬಗ್ಗೆ ಓದಾಕತ್ತೇನಿ. ಅಂಚಿಗೆ ಹೋದ್ರ ಸೂತ್ರದಾಗ ಸೊನ್ನೆಯಿಂದ ಭಾಗಿಸೂದು ಬರ್ತದ. ಅಲ್ಲೇ ಎಲ್ಲಾ ಮುಗೀತೇನ್ರಿ?”

ಆ ಪ್ರಶ್ನೆಯನ್ನು ನನ್ನ ಮಾರ್ಗದರ್ಶಕರ ಹೊರತು ಯಾರೂ ನನಗೆ ಕೇಳಿರಲಿಲ್ಲ. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. “ಇಲ್ರಿ. ತಪ್ಪು ಅಂಚಿಂದಲ್ಲ, ನಾವು ಹಿಡಿದ ಅಳತೀದು. ಬ್ಯಾರೆ ನಿರ್ದೇಶಾಂಕ ಹಿಡಿದ್ರ ಆ ಸೊನ್ನೆ ಹೋಗ್ತದ. ಕುಳಿ ದೊಡ್ಡದಿದ್ರ, ಒಳಗ ಬೀಳಾವ್ಗ ಅಂಚು ದಾಟಿದ್ದ ಗೊತ್ತಾಗೂದಿಲ್ಲ. ಖರೇ ತೊಡಕು ಇರೂದು ನಟ್ಟನಡುವ.”

“ಹಂಗಾದ್ರ ನಮ್ಮವ್ವಗೂ ಬ್ಯಾರೆ ಅಳತಿ ಹಿಡೀಲಿಕ್ಕೆ ಹೇಳ್ತೇನ್ರಿ.”

ಅವರು ತಾಯಿಗೆ ಹೇಳಿದ್ದು ಇಷ್ಟೇ ಅಂತೆ: “ಹ್ಞೂಂ ಅಂದಿದ್ರ ಮದವಿ ಆಗ್ತಿತ್ತವಾ. ಆದ್ರೂ ಆಕಿ ಸುಳ್ಳು ಹೇಳ್ಲಿಲ್ಲ.” ತಾಯಿ ಒಂದು ಏಕಾದಶಿಯ ಉಪವಾಸವಿಡೀ ಯೋಚಿಸಿ, ದ್ವಾದಶಿಯ ಊಟದ ಮೇಲೆ ಒಪ್ಪಿಗೆ ಕಳಿಸಿದರು.

ಈಗ ನಾನು ಆಳಂದದ ಸೊಸೆ. ಮೊನ್ನೆ ಸಂಜೆ ಹಾಳೆಗಳ ನಡುವೆ ತಲೆಹಿಡಿದು ಕೂತಿದ್ದಾಗ, ಮಗ್ಗುಲಲ್ಲಿ ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದ ಅತ್ತೆಯವರು ಕೇಳಿದರು: “ನಟ್ಟನಡುವ ಹೋದ ಬೆಳಕು ಏನಾಗ್ತದವಾ?”

“ಗೊತ್ತಿಲ್ಲತ್ತಿ. ಅಲ್ಲಿ ನಮ್ಮ ಗಣಿತನೂ ನಿಲ್ತದ. ಯಾರಿಗೂ ಗೊತ್ತಿಲ್ಲ.”

“ಯಾರಿಗೂ?” ಅವರು ಕೈ ಕೊಡವಿ ಎದ್ದರು. “ಹಂಗಾದ್ರ ನೀ ಕೂಡು. ರೊಟ್ಟಿ ನಾ ಬಡೀತೇನಿ.”