ಚೋಕಿಗೆ ನೇತುಹಾಕಿದ ಎಲೆ ಅಡಿಕೆ ಚೀಲ

ಪೆಟ್ರೋಲು ಬೇಗ ಬೇಗ ಖಾಲಿಯಾಗುತ್ತದೆಂದು ಒಯ್ದರೆ, ತಿಪಟೂರಿನ ಮೆಕ್ಯಾನಿಕ್ ನನ್ನ ಪುಟ್ಟ ಕಾರಿನ ಬಾನೆಟ್ ಎತ್ತಲೇ ಇಲ್ಲ. ಡ್ಯಾಶ್‌ಬೋರ್ಡಿನ ನಾಬಿಗೆ ನೇತುಹಾಕಿದ್ದ ಎಲೆ ಅಡಿಕೆ ಚೀಲವನ್ನು ತೆಗೆದು ನನ್ನ ಕೈಗಿಟ್ಟ.

"ಇದು ಗೂಟ ಅಲ್ಲ ಕಣ್ರೀ ಯಜಮಾನ್ರೇ, ಚೋಕು. ಚಳೀಲಿ ಗಾಡಿ ಸ್ಟಾರ್ಟ್ ಆಗ್ಲಿ ಅಂತ ಇಂಜಿನ್ನಿಗೆ ಪೆಟ್ರೋಲು ಜಾಸ್ತಿ ಬಿಡೋದು. ನೀವು ಚೀಲ ಎಳೆದಾಗೆಲ್ಲ ಇದೂ ಈಚೆಗೆ ಬತ್ತದೆ. ಗಾಡಿ ಪೆಟ್ರೋಲು ಕುಡೀದೆ ಇನ್ನೇನು ಮಾಡ್ತದೆ?"

ಚೀಲಕ್ಕೆಂದೇ ಕಂಪನಿಯವರು ಕೈಗೆಟುಕುವಲ್ಲಿ ಗೂಟ ಕೊಟ್ಟಿದ್ದಾರೆಂದು ಊರಿಗೆಲ್ಲ ಹೊಗಳಿದ ಜಾಣ ನಾನು. ಅಲ್ಲಿ ಚೀಲ ಹಾಕಬೇಡಿ ಎಂದಿದ್ದ ಡ್ರೈವರ್ ಸಿದ್ದಣ್ಣನನ್ನೇ ಪೆಟ್ರೋಲು ಕಳ್ಳನೆಂದು ಕೊಬ್ಬರಿ ಮಂಡಿಯಲ್ಲಿ ಎಲ್ಲರೆದುರು ಬೈದು ಓಡಿಸಿದ ನ್ಯಾಯವಂತನೂ ನಾನೇ.

ಅಂದೇ ಹಂದನಕೆರೆಯ ಅವನ ಮನೆಗೆ ಹೋಗಿ ತಪ್ಪಾಯಿತೆಂದೆ. ಸಿದ್ದಣ್ಣ ಕಾಫಿ ಕೊಟ್ಟು, "ಕಳ್ಳ ಅಂದಿದ್ದು ಮಂಡೀಲಿ. ಇದನ್ನೂ ಅಲ್ಲೇ ಅನ್ನಿ, ಸಾಕು" ಎಂದ.

ಆಮೇಲೆ ಎಷ್ಟೋ ಸಲ ಮಂಡಿಗೆ ಹೋದೆ, ಬಾಯಿ ಬರಲಿಲ್ಲ. ಮಂಡಿಯವರೆಲ್ಲ ಈ ಪತ್ರಿಕೆ ಓದುತ್ತಾರೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.