ಅಳಿಲು ಸಾರಿನ ರುಚಿ

ಮೊನ್ನೆ ಮುದ್ದೆ ಮುರಿಯುತ್ತ ದೊಡ್ಡಪ್ಪ ಮತ್ತೆ ಶುರು ಮಾಡಿದರು. "ನಿಮ್ಮಮ್ಮ ಮಾಡ್ತಿದ್ದ ಅಳಿಲು ಸಾರಿನ ಮುಂದೆ ಈ ಫಾರಂ ಕೋಳಿ ಯಾವ ಲೆಕ್ಕ ಕಣೋ!"

ನನಗೆ ಮೈ ಉರಿಯಿತು. ಬೇಟೆ ಮಾಂಸವನ್ನು ಹೆಂಗಸರು ಬಾಯಿಗಿಡಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಹುಣಸೆ ತೋಪಿನಲ್ಲಿ ಗಂಡಸರು ಹೊಡೆದು ತಂದ ಅಳಿಲನ್ನು ಹಿತ್ತಲ ಒಲೆಯಲ್ಲಿ ಸುಟ್ಟು, ಕೂದಲು ಹೆರೆದು, ಅರಿಸಿನ ಹಚ್ಚಿ, ಖಾರ ಅರೆದು ಬೇಯಿಸುತ್ತಿದ್ದವಳು ಮಾತ್ರ ಅಮ್ಮ. ರುಚಿ ನೋಡುವ ಹಾಗಿಲ್ಲ, ಉಪ್ಪೆಲ್ಲ ಕೈಯಂದಾಜು. ಒಂದಿಷ್ಟು ಹೆಚ್ಚಾದರೆ ಇದೇ ದೊಡ್ಡಪ್ಪ ತಟ್ಟೆ ತಳ್ಳಿ, "ನಿನ್ ನಾಲಿಗೆ ಸತ್ತೋಗಿದ್ಯಾ?" ಎಂದು ಬೈಯುತ್ತಿದ್ದರು.

"ಹೇಗಿತ್ತಮ್ಮ ಆ ರುಚಿ? ನೀನೇ ಹೇಳು," ಎಂದೆ, ಎಲ್ಲರಿಗೂ ಕೇಳಿಸುವಂತೆ, ದೊಡ್ಡಪ್ಪನನ್ನೇ ದುರುಗುಟ್ಟಿ ನೋಡುತ್ತ.

ಅಮ್ಮ ನನ್ನ ತಟ್ಟೆಗೆ ಸಾರು ಬಿಡುತ್ತ ಹೇಳಿದಳು: "ನಂಗೇನ್ ಗೊತ್ತಪ್ಪಾ? ಅವರ ಪಕ್ಕ ಕೂತು ತಿಂದೋನು ನೀನು."