ಬಾಯಿ ಮುಕ್ಕಳಿಸುವ ಮುನ್ನ

ರುಕ್ಮಿಣಿಗೆ ಸಂಶೋಧನಾ ಲ್ಯಾಬಿನೊಳಗೆ ಹೋಗುವ ಪಾಸ್ ಇಲ್ಲ. ಆಕೆಯ ಕೆಲಸ ಮನೆಬಾಗಿಲುಗಳಲ್ಲಿ. ೨೦೨೧ರ ಫೆಬ್ರವರಿ ಕೊನೆ, ನೆದರ್ಲೆಂಡ್ಸಿನ ವೂರ್‌ಬರ್ಗ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ರಾಣೆಬೆನ್ನೂರಿನ ಈ ನಲವತ್ತೊಂದರ ಹೆಂಗಸು ಸೈಕಲ್ಲಿಗೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಮಕ್ಕಳ ಉಗುಳು ತರಲು ಹೊರಟಿದ್ದಾರೆ. ದಿನಕ್ಕೆ ಒಂಬತ್ತು ಮನೆ, ಹದಿನೆಂಟು ಕಿಲೋಮೀಟರ್.

ನಿದ್ದೆಯಿಂದೆದ್ದ ಅರ್ಧ ಗಂಟೆಯಲ್ಲಿ ದೇಹದಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ಉಗುಳಿನಲ್ಲಿ ಅದನ್ನು ಅಳೆಯಬಹುದು. ಆ ಏರಿಕೆಗೂ ಮಕ್ಕಳ ನೆನಪಿನ ಬೆಳವಣಿಗೆಗೂ ಏನು ಸಂಬಂಧ ಎಂಬುದು ಸಂಶೋಧಕರ ಪ್ರಶ್ನೆ. ಉಗುಳಿನ ಕೊಳವೆ ತುಂಬುವ ತನಕ ಮಗು ಹಲ್ಲುಜ್ಜುವಂತಿಲ್ಲ, ಏನೂ ಕುಡಿಯುವಂತಿಲ್ಲ. ಇಪ್ಪತ್ತೆರಡು ಕನ್ನಡ ಮಕ್ಕಳ ಮನೆಯವರನ್ನು ಒಪ್ಪಿಸಿದ್ದು ರುಕ್ಮಿಣಿ. ಆ ಗುಂಪು ಅಧ್ಯಯನದಿಂದ ಬಿದ್ದುಹೋದರೆ ಆಕೆಯ ಕೆಲಸವೂ ಹೋಗುತ್ತದೆ.

ಕೊರೊನಾ ಕಾರಣ ಯಾರ ಮನೆಯೊಳಗೂ ಕಾಲಿಡುವಂತಿಲ್ಲ. ತಪ್ಪು ನಡೆದದ್ದು ಒಳಗೆ. ಜನವರಿಯ ಒಂದು ಬೆಳಗ್ಗೆ ಒಂದು ಮನೆಯ ತಾಯಿ ಉಷಾ ಬಾಗಿಲಲ್ಲಿ ಕೊಟ್ಟ ಕೊಳವೆ ತುಸು ಬೆಳ್ಳಗಿತ್ತು.

"ಉಷಾ, ಕೂಸಿಗೆ ಹಾಲು ಕುಡಿಸೀರೇನ?"

"ಇಲ್ಲಕ್ಕ, ಏನೂ ಕೊಟ್ಟಿಲ್ಲ ಅಂತ ಫಾರ್ಮ್‌ನಲ್ಲಿ ಬರ್ದಿದೀನಲ್ಲ!"

ವಿಮಾನ ನಿಂತು ಹತ್ತು ತಿಂಗಳಿಂದ ಇಲ್ಲೇ ಉಳಿದಿದ್ದ ಅತ್ತೆ ಒಳಗಿನಿಂದಲೇ ಗದರಿದರು: "ಬಾಯಿ ತೊಳೀದೆ ಮಗೂನ ಕೂರ್ಸಕ್ಕೆ ನಾವೇನು ಗತಿಗೆಟ್ಟೋರಾ? ಹಲ್ಲುಜ್ಜಿಸಿ, ಹಾಲು ಕೊಟ್ಟು, ಆಮೇಲೇ ಉಗುಳ್ಸೋದು."

"ಎವ್ರಿ ಡೇ!" ಎಂದಳು ಆರು ವರ್ಷದ ಅಪೂರ್ವ.

"ಅಜ್ಜೀ, ನಾ ಮೊಮ್ಮಗಳದು ಕೇಳಿದ್ರ ನೀವು ಆಕಳದು ಕೊಟ್ಟೀರಲ್ರೀ!" ಎಂದು ರುಕ್ಮಿಣಿ ನಕ್ಕರು.

ಅಂದೇ ಎಲ್ಲ ಕನ್ನಡ ಮನೆಗಳಿಗೂ ಫೋನ್ ಮಾಡಿದರು. ತಮ್ಮಲ್ಲೂ ಹೀಗೇ ನಡೆದಿದೆ ಎಂದು ಇನ್ನೂ ಆರು ಮನೆಗಳು ಒಪ್ಪಿಕೊಂಡವು. ಫಾರ್ಮ್‌ಗಳು ಸರಿಯಾಗಿದ್ದವು, ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಸುಳ್ಳು ಲೆಕ್ಕದಾಗ ಯಾರ ನೆನಪು ಅಳೀತಾರ್ರೀ?" ಎನ್ನುವ ರುಕ್ಮಿಣಿ, ಏಳು ಮಕ್ಕಳ ಪಟ್ಟಿಯನ್ನು ತಾವೇ ಲ್ಯಾಬಿಗೆ ಕಳಿಸಿದರು.

ಇದನ್ನು ಸರಿಪಡಿಸಲು ಸಂಶೋಧಕರ ತಂಡ ಎರಡು ವಾರ ಗಡುವು ಕೊಟ್ಟಿತು. ರುಕ್ಮಿಣಿ ಆ ಮನೆಗಳಲ್ಲಿದ್ದ ಅಜ್ಜಿಯರಿಗೇ ಗಡಿಯಾರದ ಕಾವಲು ಒಪ್ಪಿಸಿದರು. "ಈಗ ಕೊಳವಿ ತುಂಬೂತನಕ ಅವ್ರು ಸೊಸೆಗೂ ಬಚ್ಚಲಿಗೆ ಹೋಗಾಕ ಬಿಡೂದಿಲ್ಲ," ಎನ್ನುತ್ತಾರೆ. ಗುಂಪು ಉಳಿಯಿತು, ಕೆಲಸವೂ ಉಳಿಯಿತು.

ಆದರೆ ಫೆಬ್ರವರಿ ಎಂಟಕ್ಕೆ ಶಾಲೆ ತೆರೆದಿದೆ. ಶಾಲೆ ಮುಚ್ಚಿದ್ದ ಬೆಳಗುಗಳೂ ಅಧ್ಯಯನಕ್ಕೆ ಬೇಕಿದ್ದವು; ಆ ಬೆಳಗುಗಳ ಉಗುಳನ್ನು ಮತ್ತೆ ತುಂಬಿಸಲಾಗದು. ಏಳು ಮಕ್ಕಳು, ಒಬ್ಬೊಬ್ಬರಿಗೆ ಆರು ಬೆಳಗು. ಹೋದದ್ದು ನಲವತ್ತೆರಡು ಕೊಳವೆ.